9.9ರ ಎಂಜಿನ್ ಬದಲಿಸಬೇಕು: 2 ಸ್ಟ್ರೋಕಾ, 4 ಸ್ಟ್ರೋಕಾ?

ಅಳಿವೆಬಾಗಿಲು (ಕೋಡಿಬೆಂಗ್ರೆ)

ಎಲ್ಲರಿಗೂ ನಮಸ್ಕಾರ. ನಮ್ಮ ನಾಡದೋಣಿಗೆ ಹೊಸ ಎಂಜಿನ್ ತರಬೇಕು. ಈಗಿರುವುದು ಅಪ್ಪ ತಂದ ಸೀಮೆಎಣ್ಣೆ ಎಂಜಿನ್, 2 ಸ್ಟ್ರೋಕ್, 9.9 ಎಚ್‌ಪಿ. ಹನ್ನೊಂದು ವರ್ಷ ದುಡಿದಿದೆ. ಪಿಸ್ಟನ್ ಎರಡು ಸಲ ಬದಲಿಸಿದ್ದೇವೆ. ಈಗ ಸಿಲಿಂಡರಿನಲ್ಲಿ ಗೀರು ಬಿದ್ದು ಕಂಪ್ರೆಷನ್ನೇ ಇಲ್ಲ. ಬೆಳಿಗ್ಗೆ ಹಗ್ಗ ಎಳೆದೂ ಎಳೆದೂ ಅಪ್ಪನ ಬಲಭುಜ ಹಾಳಾಗಿದೆ. ಸೀಮೆಎಣ್ಣೆಯೂ ಬೇಕಾದಾಗ ಸಿಗುವುದಿಲ್ಲ. ಹಾಗಾಗಿ ಪೆಟ್ರೋಲ್ ಎಂಜಿನ್ ಅಂತ ಮನೆಯಲ್ಲಿ ತೀರ್ಮಾನ ಆಗಿದೆ.

ಗಲಾಟೆ ಇರುವುದು ಅದರ ಮುಂದೆ. ಅಪ್ಪ 2 ಸ್ಟ್ರೋಕೇ ಬೇಕು ಅಂತಾರೆ, "ಸಮುದ್ರದಲ್ಲಿ ನಿಂತರೆ ನಾನೇ ಬಿಚ್ಚಿ ಸರಿ ಮಾಡ್ತೇನೆ" ಅಂತ. ತಮ್ಮ 4 ಸ್ಟ್ರೋಕ್ ಅಂತಾನೆ, ಪೆಟ್ರೋಲ್ ಉಳಿಯುತ್ತದೆ ಅಂತ. ಅಂಗಡಿಯವರು ಕೊಟ್ಟ ಕೊಟೇಶನ್‌ನಲ್ಲಿ 4 ಸ್ಟ್ರೋಕಿಗೆ 80 ಸಾವಿರ ಹೆಚ್ಚು. ದೋಣಿಯಲ್ಲಿ ನಾವು ಮೂವರು, ಬಲೆ, ಐಸ್ ಪೆಟ್ಟಿಗೆ. ಅಳಿವೆ (ನದಿ ಕಡಲು ಸೇರುವ ಬಾಯಿ) ದಾಟಿ ಚೆನ್ನಾಗಿಯೇ ಹೊರಗೆ ಹೋಗ್ತೇವೆ. ಎರಡನ್ನೂ ಓಡಿಸಿದವರು ಹೇಳಿ.

ಮಲ್ಪೆ_ಧಕ್ಕೆ

ಕಣ್ಣು ಮುಚ್ಚಿ 2 ಸ್ಟ್ರೋಕ್ ತಗೊಳ್ಳಿ. ನಾನು ಇಪ್ಪತ್ತು ವರ್ಷದಿಂದ ಔಟ್‌ಬೋರ್ಡ್ (ದೋಣಿಯ ಹಿಂಬದಿಗೆ ಕಟ್ಟುವ ಎಂಜಿನ್) ಬಿಚ್ಚಿ ಕಟ್ಟುವವ. ವಾಲ್ವ್ ಇಲ್ಲ, ಕ್ಯಾಮ್ ಇಲ್ಲ, ಟೈಮಿಂಗ್ ಬೆಲ್ಟ್ ಇಲ್ಲ, ಆಯಿಲ್ ಪಂಪ್ ಇಲ್ಲ. ಪ್ಲಗ್, ಕಾರ್ಬೋರೇಟರ್, ತಣಿಸುವ ನೀರು ಎತ್ತುವ ಇಂಪೆಲ್ಲರ್, ಮುಗೀತು. ಒಂದು ಪ್ಲಗ್ ಸ್ಪ್ಯಾನರ್, ಒಂದು ಸ್ಕ್ರೂ ಡ್ರೈವರ್ ಇದ್ರೆ ಯಾರು ಬೇಕಾದ್ರೂ ದಡಕ್ಕೆ ತಲುಪಬಹುದು. ಅಪ್ಪನ ಮಾತು ಸರಿ ಉಂಟು.

ಹೆಜಮಾಡಿ_ಕೋಡಿ

@ಮಲ್ಪೆ_ಧಕ್ಕೆ ಅಣ್ಣ, ನಿಮ್ಮ ಕೈಕೆಲಸದ ಬಗ್ಗೆ ಗೌರವ ಉಂಟು, ಆದರೆ ಕಣ್ಣು ಮುಚ್ಚಿ ತಗೊಳ್ಳಿ ಅನ್ನುವ ಮಾತು ಒಪ್ಪುವುದಿಲ್ಲ. ನಾನು ಮೂರು ವರ್ಷದ ಹಿಂದೆ 4 ಸ್ಟ್ರೋಕಿಗೆ ಹೋದೆ. ಇವತ್ತಿನವರೆಗೆ ಸಮುದ್ರದ ನಡುವೆ ಬಿಚ್ಚುವ ಪ್ರಸಂಗವೇ ಬರಲಿಲ್ಲ. ಹಳೆಯ 2 ಸ್ಟ್ರೋಕಿನಲ್ಲಿ ಬಲೆ ಎಳೆಯುವಾಗ ಎಂಜಿನ್ ಸಣ್ಣಗೆ ಇಟ್ಟರೆ ಪ್ಲಗ್ ಕಪ್ಪಾಗಿ ಒದ್ದೆ ಆಗುತ್ತಿತ್ತು. ವಾರಕ್ಕೊಮ್ಮೆ ಮರಳು ಕಾಗದದಲ್ಲಿ ಉಜ್ಜುವುದು. ಈಗ ಅರ್ಧ ಗಂಟೆ ಸಣ್ಣಗೆ ಓಡಿದರೂ ತೊಂದರೆ ಇಲ್ಲ. ಗಾಳ ಹಾಕುವಾಗ ಪಕ್ಕದವನ ಮಾತು ಕೇಳ್ತದೆ!

ನೀರುಳ್ಳಿ_ಬಜೆ

25 ಎಚ್‌ಪಿಯೇ ಹಾಕಿ ಮಾರಾಯ್ರೇ, 9.9ರಲ್ಲಿ ಎಂತ ಆಗ್ತದೆ?

ಅಳಿವೆಬಾಗಿಲು

@ನೀರುಳ್ಳಿ_ಬಜೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳಿಗೆ ನಿಷೇಧ ಅಲ್ವಾ, ಆ 61 ದಿನ 10 ಎಚ್‌ಪಿವರೆಗಿನ ಎಂಜಿನ್ ಇರುವ ನಾಡದೋಣಿಗೆ ಮಾತ್ರ ಅವಕಾಶ. ನಮಗೆ ವರ್ಷದ ದುಡಿಮೆಯೇ ಆ ದಿನಗಳಲ್ಲಿ. ಕಡಲು ತಣಿದು ದಡದ ಹತ್ತಿರ ಬೂತಾಯಿ, ಬಂಗುಡೆ, ಸಿಗಡಿ ಬರುವ ಕಾಲ. 9.9 ಬಿಟ್ಟು ಬೇರೆ ದಾರಿ ಇಲ್ಲ.

ಎಕ್ಕೂರು_ವಿದ್ಯಾರ್ಥಿ

ನಾನು ಮಂಗಳೂರು ಮೀನುಗಾರಿಕೆ ಕಾಲೇಜಿನಲ್ಲಿ ಓದ್ತಾ ಇದ್ದೇನೆ. ಪೆಟ್ರೋಲ್ ಯಾಕೆ ಉಳಿಯುತ್ತದೆ ಅನ್ನುವುದನ್ನು ಹೇಳಿಬಿಡ್ತೇನೆ, ಆಮೇಲೆ ನೀವೇ ತೂಗಿ ನೋಡಿ.

2 ಸ್ಟ್ರೋಕಿನಲ್ಲಿ ಕ್ರ್ಯಾಂಕ್ ಒಂದು ಸುತ್ತು ಬಂದಾಗಲೆಲ್ಲ ಒಂದು ಸಲ ಉರಿಯುತ್ತದೆ. 4 ಸ್ಟ್ರೋಕಿನಲ್ಲಿ ಎರಡು ಸುತ್ತಿಗೆ ಒಂದು ಸಲ. ಅದಕ್ಕೇ 2 ಸ್ಟ್ರೋಕ್ ಹಗುರವಾಗಿದ್ದೂ ಅಷ್ಟೇ ಶಕ್ತಿ ಕೊಡುತ್ತದೆ. ಆದರೆ ಅದರಲ್ಲಿ ಹೊಗೆ ಹೊರಗೆ ಹೋಗುವ ಕಿಂಡಿಯೂ ಹೊಸ ಪೆಟ್ರೋಲ್ ಒಳಗೆ ಬರುವ ಕಿಂಡಿಯೂ ಸ್ವಲ್ಪ ಹೊತ್ತು ಒಟ್ಟಿಗೆ ತೆರೆದಿರುತ್ತವೆ. ಒಳಗೆ ಬಂದ ಪೆಟ್ರೋಲಿನ ಒಂದು ಪಾಲು ಉರಿಯದೆ ಹಾಗೇ ಹೊರಗೆ ಹೋಗುತ್ತದೆ. ಕಾರ್ಬೋರೇಟರ್ ಇರುವ 2 ಸ್ಟ್ರೋಕಿನಲ್ಲಿ ಅದು ಹೆಚ್ಚುಕಡಿಮೆ ಕಾಲು ಪಾಲು ಅಂತ ಲೆಕ್ಕ. ಜತೆಗೆ ಅದಕ್ಕೆ ಕಲಸಿದ ಆಯಿಲ್ ಕೂಡ.

4 ಸ್ಟ್ರೋಕ್ ಹೊಸತೇನಲ್ಲ. ಹೊಂಡಾ 1964ರಲ್ಲೇ 4 ಸ್ಟ್ರೋಕ್ ಔಟ್‌ಬೋರ್ಡ್ ತಂದಿತ್ತು. ಪೆಟ್ರೋಲನ್ನು ನೇರ ಸಿಲಿಂಡರಿಗೆ ಚಿಮ್ಮಿಸಿ ಈ ಸೋರಿಕೆ ತಡೆಯುವ 2 ಸ್ಟ್ರೋಕ್‌ಗಳೂ ಬಂದಿದ್ದವು. ಎವಿನ್‌ರೂಡ್ ಇ-ಟೆಕ್ ಆ ಬಗೆಯದು, ಅದರ ತಯಾರಿ 2020ರಲ್ಲಿ ನಿಂತಿತು.

ಮಲ್ಪೆ_ಧಕ್ಕೆ

@ಎಕ್ಕೂರು_ವಿದ್ಯಾರ್ಥಿ ಓದಿದ್ದು ಸರಿ ಇರಬಹುದು ತಮ್ಮಾ. ಆದರೆ ಲೋಡ್ ಇರುವಾಗ 2 ಸ್ಟ್ರೋಕಿನ ಎಳೆತವೇ ಬೇರೆ. ಬಲೆ ತುಂಬಿ ಬರುವಾಗ ಎದುರು ತೆರೆ ಬಂದರೆ ಗೊತ್ತಾಗ್ತದೆ. ಥ್ರಾಟಲ್ ತಿರುಗಿಸಿದ ಕೂಡಲೇ ದೋಣಿ ಎದ್ದು ಹೋಗಬೇಕು. ಅಳಿವೆಯಲ್ಲಿ ಎರಡು ತೆರೆಯ ನಡುವೆ ಸಿಗುವ ಸಮಯ ಎಷ್ಟು ಅಂತ ಕೋಡಿಬೆಂಗ್ರೆಯವರಿಗೆ ನಾನು ಹೇಳಬೇಕಾಗಿಲ್ಲ.

ಹೆಜಮಾಡಿ_ಕೋಡಿ

ಅದು ಫ್ಯಾನಿನ (ನೀರೊಳಗೆ ತಿರುಗುವ ಪ್ರೊಪೆಲ್ಲರಿನ) ಪ್ರಶ್ನೆ ಅಣ್ಣ, ಸ್ಟ್ರೋಕಿನದ್ದಲ್ಲ. ನನ್ನದಕ್ಕೆ ಮೊದಲು ಕಂಪೆನಿಯಿಂದ ಬಂದ ಫ್ಯಾನ್ ಇತ್ತು, ಓಡುವ ಸಣ್ಣ ಬೋಟಿಗೆ ಮಾಡಿದ್ದು. ನೀವು ಹೇಳಿದ ಹಾಗೇ ಆಯ್ತು, ಭಾರ ಇದ್ದಾಗ ಎಂಜಿನ್ ಮೇಲೇಳಲಿಲ್ಲ. ಪಿಚ್, ಅಂದರೆ ಒಂದು ಸುತ್ತಿಗೆ ಮುಂದೆ ಹೋಗುವ ದೂರ, ಕಡಿಮೆ ಇರುವ ಫ್ಯಾನ್ ಹಾಕಿದ ಮೇಲೆ ಸರಿ ಆಯ್ತು. ಖಾಲಿ ದೋಣಿಯಲ್ಲಿ ಓಟ ಸ್ವಲ್ಪ ಕಡಿಮೆ, ತುಂಬಿದಾಗ ಎಳೆತ ಚೆನ್ನಾಗಿದೆ.

ಎಕ್ಕೂರು_ವಿದ್ಯಾರ್ಥಿ

ಹೌದು. 9.9ರಲ್ಲೇ ಭಾರ ಎಳೆಯಲಿಕ್ಕೆ ಅಂತ ಮಾಡಿದ 4 ಸ್ಟ್ರೋಕ್ ಉಂಟು. ಗೇರ್ ಇಳಿಸಿ ಫ್ಯಾನ್ ನಿಧಾನ ತಿರುಗುವ ಹಾಗೆ, ಫ್ಯಾನ್ ಮಾತ್ರ ದೊಡ್ಡದು. ಕೇಳುವಾಗ ಅದನ್ನೂ ಕೇಳಿ.

ಆರೆಕ್ಸ್_ಸವಾರ

ಥ್ರಾಟಲ್ ಅಂದ ಕೂಡಲೇ ನನ್ನ ಆರ್‌ಎಕ್ಸ್ 100 ಬೈಕ್ ನೆನಪಾಯ್ತು. 2 ಸ್ಟ್ರೋಕಿನ ಆ ಸದ್ದು ಯಾವ 4 ಸ್ಟ್ರೋಕಿಗೂ ಬರುವುದಿಲ್ಲ. 1996ರಲ್ಲಿ ಅದನ್ನು ನಿಲ್ಲಿಸಿದ್ದೇ ತಪ್ಪು. ಬೇಕಾದ್ರೆ ಅದಕ್ಕೆ ಹಾಕುವ 2ಟಿ ಆಯಿಲ್ ನನ್ನ ಹತ್ತಿರ ಒಂದು ಕ್ಯಾನ್ ಉಂಟು, ಕೊಡ್ತೇನೆ.

ಮಲ್ಪೆ_ಧಕ್ಕೆ

ದಯವಿಟ್ಟು ಬೈಕಿನ ಆಯಿಲ್ ಔಟ್‌ಬೋರ್ಡಿಗೆ ಹಾಕಬೇಡಿ. ನೀರಿನಿಂದ ತಣಿಯುವ ಎಂಜಿನ್ನಿಗೆ ಬೇರೆಯೇ ಆಯಿಲ್, ಡಬ್ಬದ ಮೇಲೆ ಟಿಸಿ-ಡಬ್ಲ್ಯು3 ಅಂತ ಬರೆದಿರ್ತದೆ. ಬೈಕಿನದ್ದು ಹಾಕಿದ್ರೆ ಪ್ಲಗ್ಗಿಗೂ ಪಿಸ್ಟನ್ನಿಗೂ ಬೂದಿ ಕಟ್ಟುತ್ತದೆ. ಹಾಗೆ ಬಂದ ಎಂಜಿನ್ ಎಷ್ಟು ಬಿಚ್ಚಿದ್ದೇನೆ ಅಂತ ಲೆಕ್ಕ ಇಲ್ಲ.

ಗಂಗೊಳ್ಳಿ_ಬದಿಯವ

ಹ್ವಾಯ್, ಎಲ್ಲ್ರೂ ಎಂಜಿನ್ ಓಡೂದ್ ಮಾತಾಡ್ತ್ರಿ, ಅದನ್ನ ಹೊರೂದ್ ಯಾರ್ ಅಂದೇಳಿ ಯಾರೂ ಕೇಂತಿಲ್ಲೆ. ನಮ್ಮಲ್ಲಿ ದಿನಾ ಎಂಜಿನ್ ಹೆಗ್ಲ ಮೇಲೆ ಹೊತ್ಕಂಡ್ ಮನಿಗ್ ಬಪ್ಪುದ್. ಮಳಿಗಾಲ್ದಗೆ ದೋಣಿಯಲ್ಲೇ ಬಿಟ್ರೆ ಬೆಳಗಾಪ್ಕೆ ಇರೂದ್ ಗ್ಯಾರಂಟಿ ಇಲ್ಲೆ.

ಉಳಿದವರಿಗೂ ಅರ್ಥ ಆಗಲಿ ಅಂತ ಸರಾಗ ಕನ್ನಡದಲ್ಲೇ ಬರೀತೇನೆ. 9.9ರ 2 ಸ್ಟ್ರೋಕ್ 36ರಿಂದ 38 ಕಿಲೋ. 4 ಸ್ಟ್ರೋಕ್ 40ರಿಂದ 45 ಕಿಲೋ. ಕಾಗದದ ಮೇಲೆ ಐದಾರು ಕಿಲೋ ಅಷ್ಟೇ. ಒದ್ದೆ ಹೊಯ್ಗೆಯಲ್ಲಿ (ಮರಳಿನಲ್ಲಿ) ಕಾಲು ಹೂತುಕೊಂಡು ನಡೆಯುವಾಗ ಆ ಐದು ಕಿಲೋ ಎಷ್ಟು ಅಂತ ಹೆಗಲಿಗೆ ಗೊತ್ತು. ಅದಕ್ಕಿಂತ ದೊಡ್ಡದು ಇನ್ನೊಂದು: 4 ಸ್ಟ್ರೋಕನ್ನು ಬೇಕಾದ ಬದಿಗೆ ಮಲಗಿಸುವ ಹಾಗಿಲ್ಲ. ಒಳಗೆ ಆಯಿಲ್ ತುಂಬಿರುತ್ತದೆ. ಯಾವ ಬದಿ ಕೆಳಗೆ ಬರಬೇಕು ಅಂತ ಎಂಜಿನ್ ಮೇಲೆಯೋ ಪುಸ್ತಕದಲ್ಲೋ ತೋರಿಸಿರುತ್ತಾರೆ, ಆ ಬದಿಗೇ ಇಡಬೇಕು.

ನಾನು ಇದನ್ನು ಕಲಿತದ್ದು ಪೆಟ್ಟು ತಿಂದು. ಹೊಸ ಎಂಜಿನ್ನನ್ನು ಸರ್ವೀಸಿಗೆ ಅಂತ ರಿಕ್ಷಾದ ಹಿಂದೆ ಅಡ್ಡ ಮಲಗಿಸಿ ತಂದೆ. ಮರುದಿನ ಹಗ್ಗ ಎಳೆದರೆ ಅರ್ಧಕ್ಕೆ ಬಂದು ಗೋಡೆಗೆ ಬಡಿದ ಹಾಗೆ ನಿಂತಿತು. ಆಯಿಲ್ ಸಿಲಿಂಡರಿಗೆ ಹೋಗಿ ತುಂಬಿತ್ತು. ಜೋರು ಎಳೆದಿದ್ದರೆ ಒಳಗೆ ರಾಡ್ ಬಗ್ಗುತ್ತಿತ್ತು ಅಂತ ಮೇಸ್ತ್ರಿ ಹೇಳಿದರು. ಪ್ಲಗ್ ಎರಡೂ ತೆಗೆದು ನಿಧಾನ ಹಗ್ಗ ಎಳೆದಾಗ ಕಪ್ಪು ಆಯಿಲ್ ಗೋಡೆಯವರೆಗೆ ಚಿಮ್ಮಿತು. ಆ ದಿನ ಕಡಲಿಗೆ ಹೋಗಲಿಲ್ಲ. ಪಕ್ಕದ ದೋಣಿಯವರಿಗೆ ಆವತ್ತೇ ಒಳ್ಳೆ ಬಂಗುಡೆ ಬಿದ್ದಿತ್ತು.

ಬೆಂಗ್ರೆ_ಕಸಬ (ಮಂಗಳೂರು)

ಇದು ಸತ್ಯ. ಇನ್ನೊಂದು, ಅಳಿವೆಯಲ್ಲಿ ದೋಣಿ ಮಗುಚಿದರೆ? ನಮ್ಮದು ನೇತ್ರಾವತಿ ಗುರುಪುರ ನದಿ ಸೇರುವ ಜಾಗ, ಮಳೆಗಾಲದಲ್ಲಿ ಅದರ ಸೆಳೆತ ಕಂಡವರಿಗೆ ಗೊತ್ತು. ಒಮ್ಮೆ ಮಗುಚಿ ಎಂಜಿನ್ ಸಮೇತ ನೀರಿಗೆ ಬಿದ್ದೆವು. ಜನ ಎಲ್ಲ ಬದುಕಿದರು, ಅಲ್ಲಾಹನ ದಯೆ. 2 ಸ್ಟ್ರೋಕ್ ಆದ ಕಾರಣ ಸಂಜೆಯೊಳಗೆ ಅದೇ ಎಂಜಿನ್ ಓಡಿತು. ಬಾವಿ ನೀರು ಹೊಯ್ದು ತೊಳೆದು, ಪ್ಲಗ್ ತೆಗೆದು ತಲೆಕೆಳಗೆ ಮಾಡಿ ನೀರು ಸುರಿಸಿ, ಆಯಿಲ್ ಹೊಯ್ದು ಹಗ್ಗ ಎಳೆದೆವು. 4 ಸ್ಟ್ರೋಕ್ ಆಗಿದ್ದರೆ?

ಮಲ್ಪೆ_ಧಕ್ಕೆ

ಅದನ್ನೇ ನಾನು ಹೇಳಿದ್ದು!

ಹೆಜಮಾಡಿ_ಕೋಡಿ

4 ಸ್ಟ್ರೋಕ್ ಆಗಿದ್ದರೂ ಏಳ್ತಿತ್ತು, ಕೆಲಸ ಹೆಚ್ಚು ಅಷ್ಟೇ. ಆಯಿಲಿಗೆ ಉಪ್ಪುನೀರು ಸೇರಿ ಹಾಲು ಹಾಕಿದ ಚಹಾದ ಬಣ್ಣಕ್ಕೆ ಬರುತ್ತದೆ. ಅದನ್ನು ತೆಗೆದು ಹೊಸತು ಹಾಕಿ, ಸ್ವಲ್ಪ ಓಡಿಸಿ, ಮತ್ತೆ ತೆಗೆದು, ಬಣ್ಣ ಸರಿ ಬರುವವರೆಗೆ ಎರಡು ಮೂರು ಸಲ. ಇಂಜೆಕ್ಷನ್ ಇರುವ ಎಂಜಿನ್ ಆದರೆ ವೈರಿಂಗ್ ಚಿಂತೆ ಬೇರೆ, ಅದು ಒಪ್ಪುತ್ತೇನೆ. ಕಾರ್ಬೋರೇಟರ್ ಇರುವ 4 ಸ್ಟ್ರೋಕಿಗೆ ಅಷ್ಟು ಭಯ ಬೇಡ.

ಎಕ್ಕೂರು_ವಿದ್ಯಾರ್ಥಿ

2 ಸ್ಟ್ರೋಕ್ ನೀರಿಗೆ ಬಿದ್ದರೂ ಏನಾಗುವುದಿಲ್ಲ ಅಂತ ಮಾತ್ರ ಯಾರೂ ತಿಳಿಯಬೇಡಿ. ಅದರ ಕ್ರ್ಯಾಂಕ್ ಬೇರಿಂಗಿಗೆ ಪೆಟ್ರೋಲಿನ ಜತೆ ಬರುವ ಆಯಿಲ್ ಬಿಟ್ಟು ಬೇರೆ ರಕ್ಷಣೆ ಇಲ್ಲ. ನಾಳೆ ನೋಡೋಣ ಅಂತ ಬಿಟ್ಟರೆ ಒಂದೇ ರಾತ್ರಿಯಲ್ಲಿ ತುಕ್ಕು ಹಿಡಿಯುತ್ತದೆ. ಬೆಂಗ್ರೆಯ ಕಾಕ ಅದೇ ದಿನ ಓಡಿಸಿದ ಕಾರಣ ಎಂಜಿನ್ ಉಳಿಯಿತು.

ಸೀತಾನದಿ_ತೀರ

ನಾನು ಮೀನು ಹಿಡಿಯುವವಳಲ್ಲ. ಹಂಗಾರಕಟ್ಟೆ ಬದಿಯಲ್ಲಿ ಪ್ರವಾಸಿಗರನ್ನು ಹಿನ್ನೀರಿನಲ್ಲಿ ಕರೆದುಕೊಂಡು ಹೋಗುವ ಸಣ್ಣ ಬೋಟ್ ನಮ್ಮದು. ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಒಳಗೆ ನಿಧಾನ ಹೋಗಬೇಕು, ಹಕ್ಕಿ ಹಾರಿಹೋಗಬಾರದು. 2 ಸ್ಟ್ರೋಕಿನಲ್ಲಿ ಹೊಗೆ ಬೋಟಿನವರ ಮುಖಕ್ಕೇ ಬರುತ್ತಿತ್ತು, ಮಕ್ಕಳು ಕೆಮ್ಮುತ್ತಿದ್ದವು. 4 ಸ್ಟ್ರೋಕ್ ಹಾಕಿದ ಮೇಲೆ ಆ ತೊಂದರೆ ಇಲ್ಲ.

ಇನ್ನೊಂದು ಮಾತು ಹೇಳಬೇಕು. ನೀರು ಇಳಿದಾಗ ಅದೇ ಹೊಳೆಯಲ್ಲಿ ಸೊಂಟದವರೆಗೆ ನಿಂತು ಹೆಂಗಸರು ಮರುವಾಯಿ (ಚಿಪ್ಪು) ಹೆಕ್ಕುತ್ತಾರೆ. 2 ಸ್ಟ್ರೋಕ್ ನಿಲ್ಲಿಸಿದ ಕಡೆ ನೀರಿನ ಮೇಲೆ ಬಣ್ಣ ಬಣ್ಣದ ಎಣ್ಣೆ ಹರಡುವುದನ್ನು ನಾನೇ ದಿನಾ ನೋಡಿದ್ದೇನೆ. ಅದು ನಮ್ಮದೇ ಊಟದ ತಟ್ಟೆ ಅಲ್ವಾ.

ಉಪ್ಪುಂದ_ಹಿರಿಯ

ಓದಿ ಸಂತೋಷ ಆಯಿತು ಮಕ್ಕಳೇ. ನಾನು ರಂಪಣಿ ಬಲೆ ಎಳೆದವನು. ಆಗ ಎಂಜಿನ್ ಎಲ್ಲಿತ್ತು, ಹುಟ್ಟು ಮತ್ತು ಹಾಯಿ. ಎಪ್ಪತ್ತರ ದಶಕದಲ್ಲಿ ಯಾಂತ್ರಿಕ ಬೋಟಿನ ಪರ್ಸೀನ್ ಬಲೆ ಬಂದ ಮೇಲೆ ರಂಪಣಿ ಹೋಯಿತು, ಊರಿಗೆ ಊರೇ ಸೇರಿ ಹಗ್ಗ ಎಳೆದು ಮೀನು ಪಾಲು ಮಾಡುತ್ತಿದ್ದ ಕ್ರಮವೂ ಹೋಯಿತು. ಇರಲಿ, ಅದು ಬೇರೆ ಸಂಕಟ.

ನಾನು ಬರೆಯಲು ಬಂದದ್ದು ಬೇರೆ. ಸೀಮೆಎಣ್ಣೆಯಿಂದ ಪೆಟ್ರೋಲಿಗೆ ಹೋಗುವವರು ಬೀಡಿ ಮರೆಯಬೇಕು. ಸೀಮೆಎಣ್ಣೆ ಚೆಲ್ಲಿದರೂ ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ. ಪೆಟ್ರೋಲಿನ ಆವಿ ದೋಣಿಯ ತಳದಲ್ಲಿ ಕೂತಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಕ್ಯಾನಿನ ಮುಚ್ಚಳ ಬಿಗಿ ಇರಲಿ, ದೋಣಿಯೊಳಗೆ ಒಲೆ ಹಚ್ಚುವ ಅಭ್ಯಾಸ ಇದ್ದರೆ ಬಿಡಿ. ಸ್ಟ್ರೋಕ್ ಯಾವುದಾದರೂ ಆಗಲಿ, ಇದು ಮೊದಲು.

ಅಳಿವೆಬಾಗಿಲು

ಅಜ್ಜಾ, ಅಪ್ಪನಿಗೆ ಈ ಮಾತು ಓದಿ ಹೇಳಿದೆ. ಅವರು ಬೀಡಿ ಸೇದುವವರೇ. ಏನೂ ಹೇಳಲಿಲ್ಲ, ಆದರೆ ಕೇಳಿಸಿಕೊಂಡಿದ್ದಾರೆ.

ಬೆಂಗ್ರೆ_ಕಸಬ

ಪೆಟ್ರೋಲ್ ವಿಷಯ ಬಂದಾಗ ಇದನ್ನೂ ಸೇರಿಸಿ: ಈಗ ಬಂಕಿನಲ್ಲಿ ಸಿಗುವುದು ಎಥನಾಲ್ ಬೆರೆಸಿದ್ದು, 20 ಶೇಕಡಾ. ಎಥನಾಲ್ ನೀರು ಹೀರುತ್ತದೆ. ನಮ್ಮ ಊರಿನ ಗಾಳಿಯೇ ಅರ್ಧ ನೀರು. ಹದಿನೈದು ದಿನ ಇಟ್ಟ ಕ್ಯಾನಿನ ತಳದಲ್ಲಿ ನೀರು ಬೇರೆಯಾಗಿ ನಿಂತದ್ದು ಕಂಡಿದ್ದೇನೆ. ಆಯಿಲ್ ಕಲಸಿದ ಪೆಟ್ರೋಲನ್ನು ಆ ದಿನಕ್ಕೆ ಬೇಕಾದಷ್ಟೇ ಕಲಸಿ. ನೀರು ಬೇರ್ಪಡಿಸುವ ಫಿಲ್ಟರ್ ಎರಡಕ್ಕೂ ಬೇಕು.

ಕಾಪು_ಲೆಕ್ಕದವಳು

ನಮ್ಮ ಮನೆಯಲ್ಲಿ ಕಡಲಿಗೆ ಹೋಗುವವರು ಅಣ್ಣಂದಿರು, ಲೆಕ್ಕ ಬರೆಯುವವಳು ನಾನು. ಇಷ್ಟು ಹೊತ್ತು ಎಲ್ಲರೂ "ಉಳಿಯುತ್ತದೆ", "ಹೆಚ್ಚು", "ಕಡಿಮೆ" ಅಂದದ್ದು ಓದಿದೆ. ಒಬ್ಬರೂ ಲೀಟರ್ ಹೇಳಲಿಲ್ಲ. ಅಂಗಡಿಯವನ ಕಾಗದ ನೋಡಿ ಎಂಜಿನ್ ತಗೊಳ್ಳಬೇಡಿ ಅಣ್ಣ, ಅಳೆಯಿರಿ.

ಬಿಳಿ ಕ್ಯಾನಿಗೆ ಹೊರಗಿನಿಂದ ಲೀಟರ್ ಗುರುತು ಹಾಕಿ. ಒಂದು ದಿನ 2 ಸ್ಟ್ರೋಕ್, ಇನ್ನೊಂದು ದಿನ 4 ಸ್ಟ್ರೋಕ್. ಅದೇ ದೋಣಿ, ಅದೇ ಜನ, ಅದೇ ಬಲೆ, ಅದೇ ದಾರಿ. ಹೋಗುವಾಗ ಎಷ್ಟು, ಬರುವಾಗ ಎಷ್ಟು ಅಂತ ಬರೆಯಿರಿ. ಆಮೇಲೆ ಕಳೆದ ವರ್ಷ ಎಷ್ಟು ದಿನ ಹೋದಿರಿ ಅಂತ ನೋಡಿ. ದಿನಾ ಹೋಗುವವರಿಗೆ ಉತ್ತರ ಒಂದು, ವಾರಕ್ಕೊಮ್ಮೆ ಗಾಳಕ್ಕೆ ಹೋಗುವವರಿಗೆ ಉತ್ತರ ಇನ್ನೊಂದು. ಹಾಗೆಯೇ ಎಂಜಿನ್ನಿಗೆ ಇಲಾಖೆಯ ಸಹಾಯಧನ ಈಗ ಇದೆಯಾ ಅಂತ ಬಿಲ್ ಮಾಡಿಸುವ ಮುಂಚೆ ಹೋಗಿ ಕೇಳಿ.

ಹೆಜಮಾಡಿ_ಕೋಡಿ

ತಂಗಿ ಹೇಳಿದ್ದು ನೂರಕ್ಕೆ ನೂರು. @ಅಳಿವೆಬಾಗಿಲು, ಭಾನುವಾರ ನಾವು ಹೋಗುವುದಿಲ್ಲ. ನನ್ನ ಎಂಜಿನ್ ತಗೊಂಡು ಹೋಗಿ ನಿಮ್ಮ ದೋಣಿಗೆ ಕಟ್ಟಿ ನೋಡಿ. ಯಾವ ಬದಿಗೆ ಮಲಗಿಸಬೇಕು ಅಂತ ನಾನೇ ತೋರಿಸುತ್ತೇನೆ.

ಮಲ್ಪೆ_ಧಕ್ಕೆ

ಅಳೆಯುವುದಾದರೆ ನ್ಯಾಯವಾಗಿ ಅಳೆಯಿರಿ. 2 ಸ್ಟ್ರೋಕಿಗೆ ಹೊಸ ಪ್ಲಗ್ ಹಾಕಿ, ಆಯಿಲ್ 50ಕ್ಕೆ 1, ಅಂದರೆ ಲೀಟರಿಗೆ 20 ಎಂಎಲ್. ಕಣ್ಣಂದಾಜಿನಲ್ಲಿ ಹೊಯ್ಯಬೇಡಿ. ಅಲ್ಲಿ ತಪ್ಪು ಕಂಡರೆ ನಾನೂ ಒಪ್ಪಿಕೊಳ್ಳುತ್ತೇನೆ.

ಅಳಿವೆಬಾಗಿಲು

ಹನ್ನೆರಡು ದಿನ ಆಯಿತು, ಕ್ಷಮಿಸಿ. ಅಳೆದೆವು.

2 ಸ್ಟ್ರೋಕ್ ನಮ್ಮ ದೊಡ್ಡಪ್ಪನ ಮಗನದ್ದು, ಎರಡು ವರ್ಷ ಹಳೆಯದು, ಹೊಸ ಪ್ಲಗ್ ಹಾಕಿಯೇ ಓಡಿಸಿದ್ದು. ನಾಲ್ಕು ಗಂಟೆ ಎಂಜಿನ್ ಓಡಿತು, 8 ಲೀಟರ್ ಹೋಯಿತು. ಹೆಜಮಾಡಿ ಅಣ್ಣನ 4 ಸ್ಟ್ರೋಕಿನಲ್ಲಿ ಅದೇ ದಾರಿ, ಅಷ್ಟೇ ಹೊತ್ತು, ಐದೂವರೆ ಲೀಟರ್. ವ್ಯತ್ಯಾಸ ಹೆಚ್ಚು ಬಂದದ್ದು ಬಲೆ ಹತ್ತಿರ ಸಣ್ಣಗೆ ಓಡುವಾಗ. ಪೂರ್ತಿ ವೇಗದಲ್ಲಿ ಬರುವಾಗ ಅಷ್ಟು ಅಂತರ ಇರಲಿಲ್ಲ.

ಅಮ್ಮನ ಕ್ಯಾಲೆಂಡರಿನಲ್ಲಿ ನಾವು ಕಡಲಿಗೆ ಹೋದ ದಿನಕ್ಕೆಲ್ಲ ಗುರುತು ಇರುತ್ತದೆ. ಕಳೆದ ವರ್ಷ 171 ದಿನ. ಪೆಟ್ರೋಲಿಗೆ 103 ಹಿಡಿದರೆ ಎರಡೂವರೆ ಲೀಟರಿನಂತೆ ವರ್ಷಕ್ಕೆ 44 ಸಾವಿರ. 2 ಸ್ಟ್ರೋಕಿಗೆ ಕಲಸುವ ಆಯಿಲ್ ದಿನಕ್ಕೆ 160 ಎಂಎಲ್, ವರ್ಷಕ್ಕೆ 27 ಲೀಟರ್ ದಾಟುತ್ತದೆ. ಲೀಟರಿಗೆ 400ರಂತೆ ಇನ್ನೊಂದು 11 ಸಾವಿರ. 4 ಸ್ಟ್ರೋಕಿಗೆ 100 ಗಂಟೆಗೊಮ್ಮೆ ಆಯಿಲ್ ಬದಲಿಸಬೇಕು, ನಮ್ಮ ಓಟಕ್ಕೆ ವರ್ಷಕ್ಕೆ ಏಳು ಸಲ. ಅದನ್ನು ಕಳೆದರೂ 50 ಸಾವಿರ ಉಳಿಯುತ್ತದೆ. ಹೆಚ್ಚು ಕೊಡುವ 80 ಸಾವಿರ ಎರಡು ವರ್ಷದೊಳಗೆ ಬಂತು.

ಕಾಪು_ಲೆಕ್ಕದವಳು

ಏಳು ಸರ್ವೀಸಿಗೆ ಐದು ಸಾವಿರ ಹಿಡಿದಿದ್ದೀರಿ. ವಾಲ್ವ್ ಅಡ್ಜಸ್ಟ್‌ಮೆಂಟ್, ಬೆಲ್ಟ್ ಅದರಲ್ಲಿ ಸೇರಿಲ್ಲ. ಅದಕ್ಕೆ ಬೇರೆ ಎತ್ತಿಡಿ. ಆದರೂ ಲೆಕ್ಕ 4 ಸ್ಟ್ರೋಕಿನ ಕಡೆಗೇ ಇದೆ.

ಮಲ್ಪೆ_ಧಕ್ಕೆ

ಅಳತೆ ಸರಿ ಉಂಟು, ಒಪ್ಪಿದೆ. ದಿನಾ ಹೋಗುವವರಿಗೆ 4 ಸ್ಟ್ರೋಕ್ ಆಗಬಹುದು. ಆದರೆ ಮೊದಲ 20 ಗಂಟೆಗೆ ಆಯಿಲ್ ಬದಲಿಸಲು ಮರೆಯಬೇಡಿ. ದಿನಾ ಬಂದ ಕೂಡಲೇ ಸಿಹಿನೀರಿನಲ್ಲಿ ಹತ್ತು ನಿಮಿಷ ಓಡಿಸಿ. ಪಕ್ಕದಿಂದ ಚಿಮ್ಮುವ ನೀರಿನ ಧಾರೆ ಸಪೂರ ಆದರೆ ಮರಳು ಕಟ್ಟಿದೆ ಅಂತ ಅರ್ಥ, ಅಲ್ಲಿಗೇ ನಿಲ್ಲಿಸಿ. ನಿಮ್ಮ ಅಳಿವೆಯಲ್ಲಿ ಮರಳು ಜಾಸ್ತಿ, ಇಂಪೆಲ್ಲರ್ ಒಂದು ಎಕ್ಸ್‌ಟ್ರಾ ಇರಲಿ. ತಂದ ಮೇಲೆ ತಂದೆಯವರನ್ನು ಕರೆದುಕೊಂಡು ಬನ್ನಿ, ಪ್ಲಗ್, ಫಿಲ್ಟರ್, ಆಯಿಲ್ ಹೇಗೆ ಅಂತ ನಾನು ಕೈಹಿಡಿದು ತೋರಿಸುತ್ತೇನೆ. ಅವರಿಗೆ ಅದು ಕಷ್ಟ ಆಗುವುದಿಲ್ಲ.

ಅಳಿವೆಬಾಗಿಲು

ಖಂಡಿತ ಬರ್ತೇವೆ ಅಣ್ಣ. ಅಪ್ಪ ಲೆಕ್ಕಕ್ಕೆ ಒಪ್ಪಿರಲಿಲ್ಲ. ಭಾನುವಾರ ಹಗ್ಗ ಎಳೆದಾಗ ಒಂದೇ ಎಳೆತಕ್ಕೆ ಸ್ಟಾರ್ಟ್ ಆಯಿತು, ಎಡಗೈಯಲ್ಲಿ ಎಳೆದದ್ದು. ಆಫ್ ಮಾಡಿ ಮತ್ತೆ ಎಡಗೈಯಲ್ಲೇ ಎಳೆದು ನೋಡಿದರು. ಬರುವ ದಾರಿಯಲ್ಲಿ "ಇದೇ ತರುವ" ಅಂದರು.

ಉಳಿದದ್ದು ಹೊರುವ ಪ್ರಶ್ನೆ. ನಮ್ಮ ಮನೆಯಿಂದ ನೀರಿಗೆ ಮುನ್ನೂರು ಹೆಜ್ಜೆ, ಪೂರ್ತಿ ಹೊಯ್ಗೆ. @ಗಂಗೊಳ್ಳಿ_ಬದಿಯವ, ನೀವು ಈಗ ಹೇಗೆ ತರುತ್ತೀರಿ?

ಗಂಗೊಳ್ಳಿ_ಬದಿಯವ

ಕೈಗಾಡಿ ಮಾಡಿಸಿದ್ದೇವೆ. ಅಗಲ ಗಾಲಿ ಎರಡು ಹಾಕಿ, ಸಪೂರ ಗಾಲಿ ಹೊಯ್ಗೆಯಲ್ಲಿ ಹೂತುಹೋಗುತ್ತದೆ. ಎಂಜಿನ್ ನೆಟ್ಟಗೆ ನಿಲ್ಲುವ ಹಾಗೆ ಅಡ್ಡಕ್ಕೆ ಒಂದು ಮರದ ಹಲಗೆ, ದೋಣಿಯ ಹಿಂಬದಿಯಷ್ಟೇ ದಪ್ಪ. ಮಲಗಿಸುವ ತಾಪತ್ರಯವೇ ಇಲ್ಲೆ. ನಾಳೆ ಬೆಳಗಾತ ಅಳತೆ ತೆಗೆದು ಹಾಕ್ತೆ, ನಿಮ್ಮ ವೆಲ್ಡಿಂಗಿನವರಿಗೆ ಕೊಡಿ.